ಮೈಯ ಮೇಲಿನ ಭರವಸೆ: ಬಾಲ್ಯದಲ್ಲಿ ಕ್ಯಾನ್ಸರಿನಿಂದ ಗುಣಹೊಂದಿದ ವಯಸ್ಕರ ದೇಹಭಾವನೆಯನ್ನು ಕುರಿತು

ಬಾಲ್ಯದಲ್ಲಿ ಕ್ಯಾನ್ಸರಿಗೆ ತುತ್ತಾಗಿ, ಚಿಕಿತ್ಸೆಯಿಂದ ಗುಣಹೊಂದಿ, ಪ್ರಾಯಕ್ಕೆ ಬಂದು ಸಂಸಾರ ಉದ್ಯೋಗಗಳಲ್ಲಿ ತೊಡಗಿರುವವರ ವರ್ಗವೊಂದು ಇಂದು ನಮ್ಮ ನಡುವೆ ಇದೆ. ಚರಿತ್ರೆಯಲ್ಲಿ ಈ ವರ್ಗ ತೀರ ಹೊಸದು. 1948ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧದಿಂದ ರಕ್ತದ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿದುದನ್ನು ಪ್ರಕಟಿಸುವವರೆಗೆ, ಅಂತಹ ಮಗು ದೊಡ್ಡವನಾಗುವ ಮಾತೇ ಇರಲಿಲ್ಲ. ಆ ಔಷಧದ ಹಿಂದೆ ಇದ್ದವರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದನ್ನು ಇಲ್ಲಿ ಸ್ಮರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಈಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರಿಗೆ ಒಳಗಾಗುತ್ತಾರೆ. ಶ್ರೀಮಂತ ರಾಷ್ಟ್ರಗಳಲ್ಲಿ ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ಅನೇಕ ಬಡರಾಷ್ಟ್ರಗಳಲ್ಲಿ ಈ ಪ್ರಮಾಣ ನೂರಕ್ಕೆ 30ನ್ನೂ ಮುಟ್ಟುವುದಿಲ್ಲ. ಭಾರತದಲ್ಲಿ 1980ರ ದಶಕದಲ್ಲಿ ಮುಂಬಯಿ, ದೆಹಲಿ, ಮದರಾಸುಗಳ ಆಸ್ಪತ್ರೆಗಳು ರಕ್ತಕ್ಯಾನ್ಸರಿಗೆ ಒಂದೇ ಕ್ರಮದ ಚಿಕಿತ್ಸೆಯನ್ನು ಆರಂಭಿಸಿದ ಮೇಲೆ ಗುಣಹೊಂದುವವರ ಸಂಖ್ಯೆ ಏರತೊಡಗಿತು. ಅಂದಿನ ಮಕ್ಕಳು ಇಂದು ನಲವತ್ತರ ಆಸುಪಾಸಿನಲ್ಲಿದ್ದಾರೆ.

ಗುಣಪಡಿಸಿದರಷ್ಟೇ ಸಾಲದು ಎಂಬ ವಿಚಾರವನ್ನು ಅಮೆರಿಕದ ವೈದ್ಯ ಜೂಲಿಯೊ ಡ್ಯಾಂಜಿಯೊ ಅವರು 1975ರಷ್ಟು ಹಿಂದೆಯೇ ಮಂಡಿಸಿದ್ದರು. ಚಿಕಿತ್ಸೆ ಮುಗಿದು ಹತ್ತು ಇಪ್ಪತ್ತು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುವ ಪರಿಣಾಮಗಳನ್ನು ವೈದ್ಯಶಾಸ್ತ್ರ ಅಲ್ಲಿಂದೀಚೆಗೆ ವಿಸ್ತಾರವಾಗಿ ಅಭ್ಯಸಿಸಿದೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರಿಶೀಲಿಸಿ, ಅವರಲ್ಲಿ ನೂರಕ್ಕೆ 62ರಷ್ಟು ಮಂದಿಗೆ ಒಂದಲ್ಲ ಒಂದು ದೀರ್ಘಕಾಲಿಕ ತೊಂದರೆ ಇರುವುದನ್ನು ಕಂಡಿತು. ಪ್ರಸ್ತುತ ಲೇಖನದ ಗಮನ ಈ ತೊಂದರೆಗಳ ಪಟ್ಟಿಯ ಮೇಲಿಲ್ಲ. ಹಾಗೆ ಗುಣಹೊಂದಿದವರು ತಮ್ಮ ಮೈಯನ್ನು ಹೇಗೆ ಕಾಣುತ್ತಾರೆ, ಅದನ್ನು ಎಷ್ಟರಮಟ್ಟಿಗೆ ನಂಬುತ್ತಾರೆ, ಆ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಗುಜರಾತಿನ ಉಧ್ನಾದಂತಹ ಒಂದು ದುಡಿಮೆಯ ಊರನ್ನು ಮುಂದಿಟ್ಟುಕೊಂಡು, ಕನ್ನಡ ನುಡಿಯ ನೆರವಿನಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಮೊದಲು ಪರಿಭಾಷೆಯ ಮಾತು. ಮನುಷ್ಯ ತನ್ನ ಶರೀರದ ಬಗೆಗೆ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಚಿತ್ರವನ್ನು ಕುರಿತು ವಿಯೆನ್ನಾದ ಮನೋವೈದ್ಯ ಪಾಲ್ ಶಿಲ್ಡರ್ 1935ರಲ್ಲಿ ವಿಸ್ತಾರವಾದ ಗ್ರಂಥವನ್ನು ಪ್ರಕಟಿಸಿದ. ಅದಕ್ಕೂ ಮೊದಲು, 1911ರಲ್ಲಿ, ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ ಎಂಬ ನರವಿಜ್ಞಾನಿಗಳು, ಕೈಕಾಲುಗಳು ಎಲ್ಲಿವೆ, ಹೇಗಿವೆ ಎಂಬುದನ್ನು ನೋಡದೆಯೇ ತಿಳಿಸುವ ಒಳಗಿನ ಅರಿವೊಂದರ ಕಲ್ಪನೆಯನ್ನು ಮಂಡಿಸಿದ್ದರು. ಕನ್ನಡದಲ್ಲಿ ಇವೆರಡಕ್ಕೂ ದೇಹಬಿಂಬ, ದೇಹಪ್ರತಿಮೆ ಎಂಬ ಮಾತುಗಳನ್ನು ಬಳಸುವುದುಂಟು. ಬಿಂಬವೆಂದೊಡನೆ ಕನ್ನಡಿ ನೆನಪಾಗುತ್ತದೆ. ಸಮಸ್ಯೆಯೆಲ್ಲ ಮುಖದ ಅಂದಚೆಂದಗಳದ್ದು ಎಂಬ ತಪ್ಪುಗ್ರಹಿಕೆಗೆ ಎಡೆಯಾಗುತ್ತದೆ. ಆದಕಾರಣ ನಾವು 'ದೇಹಭಾವನೆ' ಎಂಬ ಮಾತನ್ನೂ, ಅದರ ಕ್ರಿಯಾರೂಪವನ್ನು ಸೂಚಿಸಲು 'ಮೈಯ ಮೇಲಿನ ಭರವಸೆ' ಎಂಬ ಮಾತನ್ನೂ ಬಳಸುತ್ತೇವೆ.

ವಾಸ್ತವವಾಗಿ 'ಮೈ' ಎಂಬ ದೇಶ್ಯ ಪದದಲ್ಲಿಯೇ ಈ ಶಾಸ್ತ್ರದ ಬಹುಭಾಗ ಅಡಗಿದೆ. ಕನ್ನಡಿಗನು ಸುಖದಲ್ಲಿ ಮೈಮರೆಯುತ್ತಾನೆ. ಅಪಾಯದಲ್ಲಿ ಅವನ ಮೈಯೆಲ್ಲ ಕಣ್ಣಾಗುತ್ತದೆ. ಆರೋಗ್ಯವಂತನು ದಿನದ ಹೆಚ್ಚಿನ ಹೊತ್ತು ಮೈಯನ್ನು ಮರೆತೇ ಇರುತ್ತಾನೆ. ಬಾಲ್ಯದಲ್ಲಿ ಮೂರು ವರ್ಷ ಸೂಜಿ, ರಕ್ತ, ವಾಂತಿಗಳ ನಡುವೆ ಬೆಳೆದವನಿಗೆ ಈ ಮರೆವು ಸುಲಭವಾಗಿ ದಕ್ಕುವುದಿಲ್ಲ. ಸಣ್ಣ ಜ್ವರ ಬಂದರೂ, ಕುತ್ತಿಗೆಯಲ್ಲಿ ಗಂಟು ಕೈಗೆ ತಾಕಿದರೂ ಅವನ ಮೈಯೆಲ್ಲ ಕಣ್ಣು. ಅಂತೆಯೇ ಕಲಿತದ್ದು ಸ್ವಭಾವವಾದಾಗ ಅದು ಮೈಗೂಡಿತು ಎನ್ನುತ್ತೇವೆ. ಕೃತಕ ಕಾಲು, ಕೃತಕ ಕಣ್ಣುಗಳ ವಿಷಯದಲ್ಲಿ ವೈದ್ಯರು ಬಯಸುವುದೂ ಈ ಮೈಗೂಡುವಿಕೆಯನ್ನೇ. ಇನ್ನು 'ಮೈಗಳ್ಳ' ಎಂಬ ಮಾತು. ದುಡಿಮೆಯಿಂದ ಮೈಯನ್ನು ಕದ್ದವನು ಎಂದು ಅದರ ಅರ್ಥ. ಕ್ಯಾನ್ಸರ್ ಚಿಕಿತ್ಸೆಯ ಬಹುಕಾಲದ ನಂತರವೂ ಹಲವರನ್ನು ಬಿಡದೆ ಕಾಡುವ ಆಯಾಸವೊಂದಿದೆ. ನಿದ್ರೆಯಿಂದ ಅದು ನೀಗುವುದಿಲ್ಲ, ಹೊರಗಿನವರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೆ ಒಳಗಾದ ತರುಣನಿಗೆ ಮನೆಯಲ್ಲಿಯೂ ಕೆಲಸದ ಸ್ಥಳದಲ್ಲಿಯೂ ಮೊದಲು ಅಂಟುವ ಹೆಸರು ಇದೇ.

ಸೂರತ್ ನಗರದ ದಕ್ಷಿಣ ಭಾಗದಲ್ಲಿರುವ ಉಧ್ನಾ ದುಡಿಮೆಯ ಊರು. ವಿದ್ಯುತ್ ಮಗ್ಗದ ಶೆಡ್ಡುಗಳು, ಬಣ್ಣ ಹಾಕುವ ಮತ್ತು ಅಚ್ಚೊತ್ತುವ ಗಿರಣಿಗಳು, ಅವಕ್ಕೆ ಹೊಂದಿಕೊಂಡ ಪಾಂಡೇಸರಾ, ಸಚಿನ್ ಕೈಗಾರಿಕಾ ವಸಾಹತುಗಳು ಒಡಿಶಾ, ಮಹಾರಾಷ್ಟ್ರ, ಉತ್ತರಪ್ರದೇಶ, ಬಿಹಾರಗಳಿಂದ ಬಂದ ಲಕ್ಷಾಂತರ ಜನರನ್ನು ಸಾಕುತ್ತಿವೆ. ಗುಜರಾತಿನಲ್ಲಿ ಕನ್ನಡಿಗರ ಸಂಖ್ಯೆ ಮುಂಬಯಿ ಸೊಲ್ಲಾಪುರಗಳಿಗೆ ಹೋಲಿಸಿದರೆ ಅಲ್ಪ. ಹೋಟೆಲು, ಬ್ಯಾಂಕು, ರೈಲ್ವೆ, ಕಾರ್ಖಾನೆಗಳ ನಿಮಿತ್ತ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಚದುರಿಕೊಂಡಿರುವವರು. (ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ವಡೋದರಾದಲ್ಲಿ ಮುಖ್ಯ ಕಚೇರಿಯುಳ್ಳ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದುದು ಈ ಸಂಬಂಧದ ಇತ್ತೀಚಿನ ಅಧ್ಯಾಯ.) ಉಧ್ನಾ ಜಂಕ್ಷನ್ ಮುಂಬಯಿ–ಅಹಮದಾಬಾದ್ ಹಾದಿಯ ಮೇಲಿದೆ, ಜಳಗಾಂವಿನ ಕಡೆಯ ತಾಪಿ ಕಣಿವೆಯ ಹಾದಿ ಅಲ್ಲಿಯೇ ಕವಲೊಡೆಯುತ್ತದೆ. ಇಲ್ಲಿಯ ಮಗುವಿಗೆ ಕ್ಯಾನ್ಸರೆಂದು ತಿಳಿದರೆ ಎರಡು ಪ್ರಮುಖ ದಾರಿಗಳು: ಉತ್ತರಕ್ಕೆ ಸುಮಾರು 230 ಕಿಲೋಮೀಟರು ದೂರದ ಅಹಮದಾಬಾದಿನಲ್ಲಿ 1972ರಲ್ಲಿ ಸ್ಥಾಪಿತವಾದ ಗುಜರಾತ್ ಕ್ಯಾನ್ಸರ್ ಸಂಶೋಧನ ಸಂಸ್ಥೆ, ಇಲ್ಲವೇ ದಕ್ಷಿಣಕ್ಕೆ ಸುಮಾರು 260 ಕಿಲೋಮೀಟರು ದೂರದ ಮುಂಬಯಿಯಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ. ಕನ್ನಡ ಕುಟುಂಬವಾದರೆ, ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ ನೆನಪಿಗೆ ಬರುವುದು ಸಹಜ.

ಉಧ್ನಾವನ್ನು ನಾವು ಆಯ್ದುಕೊಂಡುದಕ್ಕೆ ಕಾರಣವಿದೆ. ದೇಹಭಾವನೆಯ ಪಾಶ್ಚಾತ್ಯ ಸಾಹಿತ್ಯ ಬಹುಮಟ್ಟಿಗೆ ಓದುಬರಹದ ಮಧ್ಯಮವರ್ಗವನ್ನು ಕಣ್ಣಮುಂದೆ ಇರಿಸಿಕೊಂಡದ್ದು; ಅಲ್ಲಿ ಈಜುಡುಗೆ, ಕನ್ನಡಿ, ಪ್ರಣಯಗಳ ಪ್ರಸ್ತಾಪ ಹೆಚ್ಚು. ಮಗ್ಗದ ಶೆಡ್ಡಿನಲ್ಲಿ ಹನ್ನೆರಡು ತಾಸಿನ ಪಾಳಿ ನಿಂತು ಮಾಡುವ ಕೆಲಸ. ಅಲ್ಲಿ ಮೈ ಎಂದರೆ ರಟ್ಟೆ. ರಟ್ಟೆಯನ್ನು ನಂಬಿ ಬದುಕುವವನಿಗೆ ತನ್ನ ರಟ್ಟೆ ಎಷ್ಟು ದಿನ ಬರುತ್ತದೆಂಬ ಸಂಶಯವೇ ದೇಹಭಾವನೆಯ ತಿರುಳು. ಉದಾಹರಣೆಗೆ, ಮೂಳೆಯ ಕ್ಯಾನ್ಸರಿನಲ್ಲಿಯೂ ಯಕೃತ್ತಿನ ಕೆಲವು ಗಡ್ಡೆಗಳಲ್ಲಿಯೂ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧ ಒಳಕಿವಿಯ ಸೂಕ್ಷ್ಮಕೋಶಗಳನ್ನು ಹಾಳುಮಾಡಬಲ್ಲದು. ಮೊದಲು ಹೋಗುವುದು ತಾರಸ್ವರದ ಶ್ರವಣ. ಅಂತಹವರು ತೀವ್ರ ಸದ್ದಿನಿಂದ ದೂರವಿರಬೇಕೆಂಬುದು ವೈದ್ಯರ ಸಲಹೆ. ಮಗ್ಗದ ಶೆಡ್ಡಿನಷ್ಟು ಸದ್ದಿನ ಜಾಗಗಳು ಕಡಿಮೆ. ಈ ಸಂಗತಿಯನ್ನು ಆ ತರುಣನಿಗೆ ಯಾರೂ ತಿಳಿಸದಿದ್ದರೆ, ಕರೆದರೆ ಓಗೊಡದ ತನ್ನ ತಪ್ಪನ್ನು ಅವನು ಬುದ್ಧಿಮಾಂದ್ಯವೆಂದೇ ಬಗೆಯುವ ಸಾಧ್ಯತೆ ಇದೆ. ಮೇಸ್ತ್ರಿಯೂ ಹಾಗೆಯೇ ಬಗೆಯುತ್ತಾನೆ.

ದೇಹದ ಮೇಲೆ ಚಿಕಿತ್ಸೆ ಬಿಡುವ ಗುರುತುಗಳಲ್ಲಿ ಎರಡು ಬಗೆ. ಮೊದಲನೆಯವು ಕಾಣುವಂಥವು. ಶಸ್ತ್ರಚಿಕಿತ್ಸೆಯ ಗಾಯದ ಕಲೆ, ಔಷಧ ಸೇರಿಸಲು ಎದೆಯ ಚರ್ಮದಡಿ ಇಟ್ಟ ಸಾಧನದ ಕಲೆ, ವಿಕಿರಣ ತಾಗಿದ ಕಡೆ ಬೆಳೆಯದೆ ಉಳಿದ ದವಡೆ ಅಥವಾ ಕಪೋಲ, ತೆಳುವಾದ ಕೂದಲು, ಕುಳ್ಳುತನ, ಕತ್ತರಿಸಿದ ಕಾಲು, ತೆಗೆದ ಕಣ್ಣು. ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರು ತಲೆ ಕುತ್ತಿಗೆಗಳ ಮೇಲೆ ಕಲೆ ಅಥವಾ ವಿರೂಪವನ್ನು ಹೇಳಿಕೊಂಡರು. ಅವರ ಒಡಹುಟ್ಟಿದವರಲ್ಲಿ ಈ ಪ್ರಮಾಣ ಹನ್ನೆರಡರಲ್ಲಿ ಒಬ್ಬರಷ್ಟು. ಎರಡನೆಯವು ಕಾಣದವು: ಡಾಕ್ಸೊರುಬಿಸಿನ್ ಗುಂಪಿನ ಔಷಧಗಳಿಂದ ದುರ್ಬಲವಾದ ಹೃದಯದ ಸ್ನಾಯು, ವಿನ್‌ಕ್ರಿಸ್ಟೀನಿನಿಂದ ಜೋಮುಹಿಡಿಯುವ ಪಾದಗಳು, ಸ್ಟೆರಾಯ್ಡಿನಿಂದ ಸವೆದ ಸೊಂಟದ ಕೀಲು, ಕುಂದಿದ ಸಂತಾನಶಕ್ತಿ. ಕಾಣುವ ಗುರುತಿಗೆ ಸಮಾಜ ಪ್ರಶ್ನೆ ಕೇಳುತ್ತದೆ. ಕಾಣದ ಗುರುತಿಗೆ ಪ್ರಶ್ನೆಯೂ ಇಲ್ಲ, ರಿಯಾಯಿತಿಯೂ ಇಲ್ಲ.

ಕಾಣುವ ಗುರುತುಗಳನ್ನು ನಮ್ಮ ಸಮಾಜ ಓದುವ ಬಗೆ ಅದರದೇ ಆದುದು. ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವ ಮಗುವಿನ ಮುಖ ದುಂಡಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ನೋಡಲು ಬಂದ ನಂಟರು 'ಮೈಕೈ ತುಂಬಿಕೊಂಡಿದೆ, ಇನ್ನೇನು ಭಯವಿಲ್ಲ' ಎಂದು ಸಂತೋಷಪಡುತ್ತಾರೆ. ಔಷಧ ನಿಂತು ಮಗು ತನ್ನ ಸಹಜ ಆಕಾರಕ್ಕೆ ಮರಳಿದಾಗ 'ಯಾಕೋ ಇಳಿದುಹೋಗಿದ್ದೀಯಲ್ಲ' ಎಂಬ ಕಳವಳ. ಕಾಯಿಲೆಯ ರೂಪಕ್ಕೆ ಹೊಗಳಿಕೆ, ಆರೋಗ್ಯದ ರೂಪಕ್ಕೆ ಮರುಕ! ತನ್ನ ಮೈಯ ಬಗೆಗೆ ಇತರರು ಹೇಳುವುದನ್ನು ನಂಬಬಾರದೆಂಬ ಪಾಠ ಮಗುವಿಗೆ ಇಲ್ಲಿಯೇ ಆರಂಭವಾಗುತ್ತದೆ. ತಲೆಗೂದಲಿನ ವಿಷಯವೂ ಹೀಗೆಯೇ. ಕರ್ನಾಟಕದಲ್ಲಿ ಬೋಳುತಲೆಯ ಬಾಲಕಿಯನ್ನು ಕಂಡರೆ ತಿರುಪತಿಗೆ ಮುಡಿಕೊಟ್ಟು ಬಂದಿರಬೇಕೆಂದು ಜನ ಊಹಿಸುತ್ತಾರೆ. ತಾಯಿ ಅದನ್ನು ಅಲ್ಲಗಳೆಯದೆ ಸುಮ್ಮನಾಗಬಹುದು. ಗುಜರಾತಿನ ಬೀದಿಯಲ್ಲಿ ಈ ಆಸರೆ ಅಷ್ಟಾಗಿ ದೊರೆಯದು. ಅಲ್ಲಿ ಬೋಳಿಸಿದ ತಲೆಯ ಹುಡುಗನನ್ನು ಕಂಡರೆ ಮನೆಯಲ್ಲಿ ಯಾರು ತೀರಿಕೊಂಡರೆಂಬ ಪ್ರಶ್ನೆ ಬರಬಹುದು.

ಕಣ್ಣಿನ ಕ್ಯಾನ್ಸರಿನ ಸಂದರ್ಭ ಇನ್ನೂ ಕಠಿನ. ರೆಟಿನೊಬ್ಲಾಸ್ಟೊಮ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ರೋಗ. ಕಣ್ಣಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿಯ ಹೊಳಪು, ಕೆಲವೊಮ್ಮೆ ಮೆಳ್ಳೆಗಣ್ಣು ಇದರ ಲಕ್ಷಣ. ಬೇಗ ಗುರುತಿಸಿದರೆ ಮಗು ಉಳಿಯುತ್ತದೆ, ತಡವಾದಲ್ಲಿ ಕಣ್ಣು ತೆಗೆಯಬೇಕಾಗುತ್ತದೆ. ನಮ್ಮಲ್ಲಿ ಒಕ್ಕಣ್ಣ ಎದುರಾಗುವುದು ಅಪಶಕುನವೆಂಬ ನಂಬಿಕೆ ಇದೆ. ಶುಕ್ರಾಚಾರ್ಯನೆಂಬ ಅಡ್ಡಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಗುಜರಾತಿಯ 'ಕಾಣೋ' ಎಂಬ ಮಾತೂ ಅಷ್ಟೇ ಹರಿತವಾದುದು. ಕಾನೂನಿನಲ್ಲಿ ಇವರ ಸ್ಥಾನವೂ ವಿಚಿತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಯೋಜನಗಳಿಗೆ ನೂರಕ್ಕೆ 40ರಷ್ಟು ವೈಕಲ್ಯ ಬೇಕು. ಒಂದು ಕಣ್ಣು ಪೂರ್ಣವಾಗಿ ಹೋಗಿ ಇನ್ನೊಂದು ಸರಿಯಿದ್ದಲ್ಲಿ ಅದನ್ನು 30 ಎಂದು ಎಣಿಸಲಾಗುತ್ತದೆ. ಶಕುನದ ಲೆಕ್ಕದಲ್ಲಿ ಪೂರ್ಣ ವಿಕಲ, ಸರಕಾರದ ಲೆಕ್ಕದಲ್ಲಿ ಸಕಲ. ಇದೇ ಪ್ರಸಂಗದಲ್ಲಿ ಕರ್ನಾಟಕದ ಆಡಳಿತ ಭಾಷೆಯ 'ವಿಕಲಚೇತನ' ಎಂಬ ಪದದ ಬಗೆಗೆ ನಮ್ಮ ಆಕ್ಷೇಪವನ್ನು ಸೂಚಿಸಬೇಕಾಗಿದೆ. 'ಅಂಗವಿಕಲ' ಎಂಬುದರ ಒರಟುತನವನ್ನು ತಪ್ಪಿಸಲು ಬಂದ ಈ ಪದ, ಅಂಗದಲ್ಲಿದ್ದ ಊನವನ್ನು ಚೇತನಕ್ಕೇ ದಾಟಿಸಿಬಿಟ್ಟಿದೆ. ಹಳೆಯ ಪದವೇ ಇದಕ್ಕಿಂತ ಮೇಲು.

ಇನ್ನು ಗುಜರಾತಿನ ನವರಾತ್ರಿ. ಒಂಬತ್ತು ರಾತ್ರಿಗಳ ಗರ್ಬಾ ಕೇವಲ ಪೂಜೆಯಲ್ಲ. ತರುಣ ತರುಣಿಯರು ಸಾರ್ವಜನಿಕವಾಗಿ ತಮ್ಮ ಮೈಯನ್ನು ಪರಸ್ಪರರಿಗೆ ಪರಿಚಯಿಸಿಕೊಳ್ಳುವ ಸಂದರ್ಭವೂ ಹೌದು. ಇಲ್ಲಿ ನೆಲೆಸಿದ ಅನ್ಯಭಾಷಿಕರ ಮಕ್ಕಳೂ ಈ ವೃತ್ತದಲ್ಲಿ ಸೇರಿಕೊಂಡೇ ಗುಜರಾತಿನವರಾಗುವುದು. ಹುಡುಗಿಯರ ಚಣಿಯಾ ಚೋಳಿಯ ಬೆನ್ನು ಸಾಮಾನ್ಯವಾಗಿ ತೆರೆದಿರುತ್ತದೆ, ಲಾಡಿಗಳಿಂದ ಕಟ್ಟಿರುತ್ತದೆ. ಮೂತ್ರಪಿಂಡದ ಗಡ್ಡೆಗೆ ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣಗಳಾಗಿದ್ದವಳಿಗೆ ಹೊಟ್ಟೆಯ ಮೇಲೆ ಅಡ್ಡಲಾದ ಉದ್ದನೆಯ ಕಲೆ ಇರುತ್ತದೆ, ಬೆನ್ನುಮೂಳೆ ಒಂದು ಕಡೆಗೆ ತುಸು ಬಾಗಿರಲೂಬಹುದು. ಉಡುಪನ್ನು ಬದಲಿಸುವುದು ಕಷ್ಟವಲ್ಲ. ಮುಚ್ಚಿದ ಬೆನ್ನಿನ ಚೋಳಿಯನ್ನು ಯಾವ ದರ್ಜಿಯಾದರೂ ಹೊಲಿದುಕೊಡುತ್ತಾನೆ. ಆಕೆಯನ್ನು ವೃತ್ತದಿಂದ ಹೊರಗೆ ಇರಿಸುವುದು ಎರಡನೆಯ ಪ್ರಶ್ನೆ: ಎರಡು ತಾಸು ಕುಣಿದರೆ ನನ್ನ ಮೈ ತಡೆದೀತೇ? ಒಂದೇ ಮೂತ್ರಪಿಂಡವಿದೆಯಲ್ಲ, ಏನಾದರೂ ಆದೀತೇ? ವೈದ್ಯರನ್ನು ಕೇಳಿದರೆ ಉತ್ತರ ಬಹಳ ಸರಳ: ಉಳಿದ ಮೂತ್ರಪಿಂಡ ಆರೋಗ್ಯವಾಗಿದ್ದರೆ ಕುಣಿಯಬಹುದು, ಚೆನ್ನಾಗಿ ನೀರು ಕುಡಿಯಬೇಕು, ಆಗಾಗ ರಕ್ತದೊತ್ತಡ ನೋಡಿಸಬೇಕು. ಈ ಪ್ರಶ್ನೆಯನ್ನು ಯಾರೂ ಕೇಳದಿರುವುದರಿಂದ ಆಕೆ ವರ್ಷವರ್ಷವೂ ಗೋಡೆಗೊರಗಿ ನಿಂತು ನೋಡುವವಳಾಗಿ ಉಳಿಯುತ್ತಾಳೆ. ಮನೆಯವರು 'ಅವಳಿಗೆ ಮೊದಲಿನಿಂದಲೂ ಸಂಕೋಚ' ಎನ್ನುತ್ತಾರೆ.

ಇಲ್ಲಿಗೆ ನಮ್ಮ ಮುಖ್ಯ ಪ್ರತಿಪಾದನೆಯ ಸಮೀಪಕ್ಕೆ ಬಂದಿದ್ದೇವೆ. ರೂಪ ಕೆಟ್ಟಷ್ಟೂ ಭರವಸೆ ಕುಂದುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಮೂಳೆಯ ಕ್ಯಾನ್ಸರಿನ ಅನುಭವ ಇದನ್ನು ಸಮರ್ಥಿಸುವುದಿಲ್ಲ. ಹದಿಹರೆಯದಲ್ಲಿ ಮಂಡಿಯ ಸುತ್ತ ಗಡ್ಡೆ ಬಂದಾಗ ಹಿಂದೆ ಕಾಲನ್ನು ತೊಡೆಯಿಂದಲೇ ಕತ್ತರಿಸುತ್ತಿದ್ದರು. ಆಮೇಲೆ ಗಡ್ಡೆಯಿದ್ದ ಮೂಳೆಯನ್ನು ಮಾತ್ರ ತೆಗೆದು ಲೋಹದ ಕೀಲನ್ನು ಕೂರಿಸಿ ಕಾಲನ್ನು ಉಳಿಸುವ ಕ್ರಮ ಬಂದಿತು. ಕಾಲು ಉಳಿದವರು ಮನಸ್ಸಿನಲ್ಲಿಯೂ ಬಹಳ ನೆಮ್ಮದಿಯಾಗಿರುತ್ತಾರೆಂದು ವೈದ್ಯರು ಎಣಿಸಿದ್ದರು. ದೀರ್ಘಕಾಲದ ಅಧ್ಯಯನಗಳಲ್ಲಿ ಈ ಎರಡು ಗುಂಪುಗಳ ನಡುವೆ ನಿರೀಕ್ಷಿಸಿದಷ್ಟು ಅಂತರ ಕಾಣಲಿಲ್ಲ. ಕಾಲು ಉಳಿದವನಿಗೆ ಲೋಹದ ಕೀಲು ಸಡಿಲವಾದೀತು, ಬಿದ್ದರೆ ಮುರಿದೀತು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾದೀತು ಎಂಬ ಅಂಜಿಕೆ, ಓಡುವ ಧೈರ್ಯವಿಲ್ಲ. ಕಾಲು ಕಳೆದುಕೊಂಡವನಿಗೆ ಕಳೆದುಕೊಂಡದ್ದು ಏನೆಂಬುದು ಖಚಿತವಾಗಿ ಗೊತ್ತು.

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಆವರ್ತನ ಶಸ್ತ್ರಚಿಕಿತ್ಸೆ ಎಂದು ಕರೆಯಬಹುದಾದ ಇನ್ನೊಂದು ಕ್ರಮದಲ್ಲಿದೆ. ಜರ್ಮನಿಯ ಬೊರ್ಗ್ರೇವ ಎಂಬ ವೈದ್ಯ 1920ರ ದಶಕದ ಕೊನೆಯಲ್ಲಿ ಬೇರೆ ರೋಗಕ್ಕಾಗಿ ಆರಂಭಿಸಿದ ಇದನ್ನು 1970ರ ದಶಕದಲ್ಲಿ ವಿಯೆನ್ನಾದಲ್ಲಿ ಮೂಳೆಯ ಕ್ಯಾನ್ಸರಿಗೆ ಅಳವಡಿಸಿದರು. ಗಡ್ಡೆಯಿರುವ ಮಂಡಿಯ ಭಾಗವನ್ನು ಪೂರ್ಣವಾಗಿ ತೆಗೆದು, ಕೆಳಗಾಲನ್ನು ಅರ್ಧ ಸುತ್ತು ತಿರುಗಿಸಿ, ತೊಡೆಯ ಮೂಳೆಗೆ ಜೋಡಿಸುತ್ತಾರೆ. ಹರಡು ಮಂಡಿಯ ಎತ್ತರಕ್ಕೆ ಬರುತ್ತದೆ. ಪಾದ ಹಿಂದಕ್ಕೆ ಮುಖ ಮಾಡಿರುತ್ತದೆ. ಹರಡು ಮಂಡಿಯ ಕೆಲಸ ಮಾಡುತ್ತದೆ, ಪಾದ ಕೃತಕ ಕಾಲನ್ನು ನಡೆಸುವ ಹಿಡಿಕೆಯಾಗುತ್ತದೆ. ಕೇಳಿದವರು ಬೆಚ್ಚುವಂತಹ ರೂಪವಿದು. ನಮ್ಮ ಜನಪದ ನಂಬಿಕೆಯಲ್ಲಂತೂ ಹಿಂದುಮುಂದಾದ ಪಾದ ದೆವ್ವದ ಗುರುತು. ಗುಜರಾತಿನ ಕಥೆಗಳ ಚುಡೇಲ್‌ಗೂ ಇದೇ ಲಕ್ಷಣ. ಹೀಗಿದ್ದೂ ಈ ಚಿಕಿತ್ಸೆ ಪಡೆದವರು ಓಡುತ್ತಾರೆ, ಸೈಕಲ್ ತುಳಿಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ. ತಮ್ಮ ಬದುಕಿನ ಬಗೆಗೆ ಅವರು ಹೇಳಿಕೊಳ್ಳುವ ತೃಪ್ತಿ ಇತರ ಗುಂಪುಗಳಿಗಿಂತ ಕಡಿಮೆಯಿಲ್ಲವೆಂದು ಅಧ್ಯಯನಗಳು ತೋರಿಸಿವೆ. ತಮ್ಮದೇ ಮೂಳೆ, ತಮ್ಮದೇ ಹರಡು, ಮುರಿಯುವ ಲೋಹವಿಲ್ಲ. ಜೊತೆಗೆ, ಶಸ್ತ್ರಚಿಕಿತ್ಸೆಗೆ ಮೊದಲು ಆ ಹುಡುಗ ಅಥವಾ ಹುಡುಗಿಗೆ ಚಿತ್ರಗಳನ್ನು ತೋರಿಸಿ, ಅಂತಹವರನ್ನೇ ಭೇಟಿಮಾಡಿಸಿ, ಒಪ್ಪಿಗೆ ಪಡೆಯುವುದು ಈ ಕ್ರಮದ ಅಂಗವಾಗಿದೆ. ಈ ಎರಡನೆಯ ಕಾರಣವನ್ನು ನಾವು ಮೊದಲನೆಯದಕ್ಕಿಂತ ಹಗುರವೆಂದು ಭಾವಿಸುವುದಿಲ್ಲ. ತನ್ನ ಮೈಗೆ ಏನಾಯಿತು, ಏಕಾಯಿತು, ಅದರಿಂದ ಏನು ಸಾಧ್ಯ ಎಂಬ ಕಥೆ ಆ ಮೈಯ ಒಡೆಯನಿಗೆ ಗೊತ್ತಿರುವುದು ಇಲ್ಲಿ ಅನಿವಾರ್ಯ. ಹಿಂದುಮುಂದಾದ ಪಾದವನ್ನು ಅದರ ಒಡೆಯನಿಂದ ಬಚ್ಚಿಡಲು ಬರುವುದಿಲ್ಲ.

ಉಳಿದ ಬಗೆಯ ಕ್ಯಾನ್ಸರುಗಳಲ್ಲಿ ಬಚ್ಚಿಡಬಹುದು, ಬಚ್ಚಿಡುತ್ತಾರೆ ಕೂಡ. ಮೂರು ನಾಲ್ಕು ವರ್ಷದ ಮಗುವಿಗೆ ಚಿಕಿತ್ಸೆಯಾದಾಗ ಅದಕ್ಕೆ ನೆನಪು ನಿಲ್ಲುವುದಿಲ್ಲ. ಹೆತ್ತವರು 'ರಕ್ತ ಕಡಿಮೆಯಿತ್ತು', 'ಹೊಟ್ಟೆಯಲ್ಲಿ ಗಂಟಿತ್ತು' ಎಂದು ಹೇಳಿ ಮಾತು ಮುಗಿಸುತ್ತಾರೆ. ಆಸ್ಪತ್ರೆಯ ಕಾಗದಗಳು ಟ್ರಂಕಿನ ತಳ ಸೇರುತ್ತವೆ. ಹುಡುಗಿಯ ಮದುವೆಯ ಮಾತು ಬರುವಾಗ ಊರು ಬದಲಾಗಿರುತ್ತದೆ; ಪರಸ್ಥಳದಲ್ಲಿ ನೆಲೆಸಿದ ಕುಟುಂಬಕ್ಕೆ ಗುಟ್ಟು ಕಾಯುವುದು ಸುಲಭ, ನಂಟರು ದೂರವಿದ್ದಾರೆ. ಹೆತ್ತವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಜಾತಕದ ಜೊತೆಗೆ ಕುಲದ ರೋಗಗಳನ್ನೂ ವಿಚಾರಿಸುವ ಸಮಾಜದಲ್ಲಿ ಅವರಿಗೆ ಬೇರೆ ದಾರಿ ಕಾಣುವುದಿಲ್ಲ. ಆದರೆ ಈ ಭಯದ ಬಹುಭಾಗ ನಿರಾಧಾರವಾದುದು: ಬಾಲ್ಯದಲ್ಲಿ ಕ್ಯಾನ್ಸರಿನಿಂದ ಗುಣಹೊಂದಿದವರ ಮಕ್ಕಳಲ್ಲಿ, ರೆಟಿನೊಬ್ಲಾಸ್ಟೊಮದಂತಹ ಆನುವಂಶಿಕ ಬಗೆಗಳನ್ನು ಬಿಟ್ಟರೆ, ಕ್ಯಾನ್ಸರಾಗಲಿ ಜನ್ಮದೋಷಗಳಾಗಲಿ ಇತರರಿಗಿಂತ ಹೆಚ್ಚಿಲ್ಲವೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಹೀಗೆ ಬಚ್ಚಿಟ್ಟುದರ ಬೆಲೆಯನ್ನು ತೆರುವವಳು ಮಗಳು. ಎದೆಯ ಮೇಲೊಂದು ಕಲೆ, ಅದರ ಕಥೆ ಗೊತ್ತಿಲ್ಲ. ಗರ್ಭಿಣಿಯಾದಾಗ ಏದುಸಿರು ಬರುತ್ತದೆ. ಬಾಲ್ಯದಲ್ಲಿ ಡಾಕ್ಸೊರುಬಿಸಿನ್ ಪಡೆದವರ ಹೃದಯವನ್ನು ಗರ್ಭಾವಸ್ಥೆಯಲ್ಲಿ ಪರೀಕ್ಷಿಸಬೇಕೆಂದು ವೈದ್ಯರು ಬಲ್ಲರು, ಆಕೆ ಅದನ್ನು ಪಡೆದಿದ್ದಳೆಂದು ಮಾತ್ರ ಅವರಿಗೆ ಗೊತ್ತಾಗುವುದಿಲ್ಲ. ಅವಳು ಪತಿಯ ಮನೆಯಲ್ಲಿ ಮೈಗಳ್ಳಿಯಾಗುತ್ತಾಳೆ.

ಇನ್ನೊಂದು ತುದಿಯಲ್ಲಿ ವೀರಗಾಥೆಗಳಿವೆ. ಕೆನಡಾದ ಟೆರಿ ಫಾಕ್ಸ್ 1977ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡು, 1980ರಲ್ಲಿ ಕೃತಕ ಕಾಲಿನಿಂದ 143 ದಿನಗಳಲ್ಲಿ 5,373 ಕಿಲೋಮೀಟರು ಓಡಿದ. ಮರುವರ್ಷ ಅದೇ ರೋಗದಿಂದ ತೀರಿಕೊಂಡ. ಅವನ ಹೆಸರಿನಲ್ಲಿ ಸಂಗ್ರಹವಾದ ಧನ ಸಂಶೋಧನೆಗೆ ಮಹದುಪಕಾರ ಮಾಡಿದೆ. ಕನ್ನಡದ ಪತ್ರಿಕೆಗಳಲ್ಲಿಯೂ ಇವರನ್ನೆಲ್ಲ 'ಕ್ಯಾನ್ಸರ್ ಗೆದ್ದವರು' ಎಂದೇ ಬರೆಯುವುದು ವಾಡಿಕೆ. ಗೆಲುವಿನ ಈ ರೂಪಕದ ಬಗೆಗೆ ನಮಗೆ ಅಳುಕಿದೆ. ಗೆದ್ದವನಿಗೆ ಆಯಾಸವಾಗಬಾರದು, ಅವನು ಕೊರಗಬಾರದು. ಅಲ್ಲದೆ, ತೀರಿಕೊಂಡ ಮಕ್ಕಳು ಸೋತವರೆಂದಾಗುತ್ತದೆ. 'ಬದುಕುಳಿದವರು' ಎಂಬ ಮಾತು ರೈಲು ಅಪಘಾತದ ವರದಿಯನ್ನು ನೆನಪಿಗೆ ತರುತ್ತದೆ. ನಮ್ಮ ಹಳ್ಳಿಗಳಲ್ಲಿ ಕಷ್ಟವನ್ನು ದಾಟಿಬಂದವರನ್ನು 'ಪಾರಾದವರು' ಎನ್ನುತ್ತಾರೆ. ಪಾರ ಎಂದರೆ ಆಚೆಯ ದಡ. ಹೊಳೆ ದಾಟಿದವನ ಬಟ್ಟೆ ಒದ್ದೆಯಾಗಿರುವುದಕ್ಕೆ ಯಾರೂ ಆಶ್ಚರ್ಯಪಡುವುದಿಲ್ಲ. ಈ ಪದವೇ ಯುಕ್ತವೆಂದು ನಮ್ಮ ಸಲಹೆ.

ಮೈಯ ಮೇಲಿನ ಭರವಸೆಯನ್ನು ಮರಳಿ ಕಟ್ಟುವ ಪ್ರಯತ್ನಗಳು ಭಾರತದಲ್ಲಿಯೂ ನಡೆದಿವೆ. ಟಾಟಾ ಸ್ಮಾರಕ ಆಸ್ಪತ್ರೆ 1991ರಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ ಪ್ರತ್ಯೇಕ ಚಿಕಿತ್ಸಾಲಯವೊಂದನ್ನು ಆರಂಭಿಸಿತು. ದೇಶದಲ್ಲಿ ಇದು ಮೊದಲನೆಯದು. ಹೀಗೆ ಪಾರಾದವರದೇ ಸಂಘಟನೆಯಾದ 'ಉಗಮ್' ಭಾರತೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ 2009ರಲ್ಲಿ ರೂಪುಗೊಂಡಿತು. ಇಂತಹ ಕೂಟಗಳ ಪ್ರಯೋಜನ ಉಪದೇಶದಲ್ಲಿಲ್ಲ. ತನ್ನಂತೆಯೇ ತೆಳುಗೂದಲಿನ, ಕುಳ್ಳಾದ ಇನ್ನೊಬ್ಬಾಕೆ ಮಗುವನ್ನು ಎತ್ತಿಕೊಂಡು ಬಂದಿರುವುದನ್ನು ಕಣ್ಣಾರೆ ಕಾಣುವುದರಲ್ಲಿದೆ.

ವ್ಯಾಯಾಮದ ಬಗೆಗೂ ಒಂದು ಮಾತು. ಹೃದಯಕ್ಕೆ ತೊಂದರೆಯಾದೀತೆಂದು ಇವರನ್ನು ಆಟಗಳಿಂದ ದೂರವಿಡುವುದು ಹಳೆಯ ಪದ್ಧತಿ. ಇಂದಿನ ಮಾರ್ಗದರ್ಶನ ಇದಕ್ಕೆ ವಿರುದ್ಧವಾಗಿದೆ: ನಡಿಗೆ, ಸೈಕಲ್, ಈಜು, ಕುಣಿತಗಳು ಬಹುಮಟ್ಟಿಗೆ ಎಲ್ಲರಿಗೂ ಹಿತ. ಡಾಕ್ಸೊರುಬಿಸಿನ್ ಗುಂಪಿನ ಔಷಧವನ್ನು ಶರೀರದ ಪ್ರತಿ ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಪಡೆದವರು, ಎದೆಗೆ ಹೆಚ್ಚಿನ ವಿಕಿರಣ ಪಡೆದವರು ಮಾತ್ರ ಉಸಿರು ಬಿಗಿಹಿಡಿದು ಭಾರ ಎತ್ತುವ ಮುನ್ನ ಹೃದಯತಜ್ಞರನ್ನು ಕಾಣಬೇಕು. ಉಧ್ನಾದಲ್ಲಿ ಬಟ್ಟೆಯ ಮೂಟೆ ಹೊರುವ ಕೆಲಸಕ್ಕೆ ಸೇರುವವನಿಗೂ, ಜಿಮ್ಮಿಗೆ ಹೋಗಿ ತೋಳು ಬೆಳೆಸಬಯಸುವವನಿಗೂ ಈ ಒಂದು ಅಂಕಿ ಗೊತ್ತಿದ್ದರೆ ಭಯಕ್ಕೊಂದು ಎಲ್ಲೆ ಸಿಗುತ್ತದೆ. ಗೊತ್ತಿಲ್ಲದವನು ಎಲ್ಲಕ್ಕೂ ಹೆದರುತ್ತಾನೆ, ಇಲ್ಲವೇ ಯಾವುದಕ್ಕೂ ಹೆದರುವುದಿಲ್ಲ.

ಆದ್ದರಿಂದ ಚಿಕಿತ್ಸೆ ಮುಗಿದಾಗ ಆಸ್ಪತ್ರೆಯಿಂದ ಪಡೆಯಬೇಕಾದ ಸಾರಾಂಶ ಪತ್ರಕ್ಕೆ ನಾವು ಹೆಚ್ಚಿನ ಮಹತ್ವ ಕೊಡುತ್ತೇವೆ. ರೋಗದ ಹೆಸರು, ಆಗಿನ ವಯಸ್ಸು, ಪ್ರತಿಯೊಂದು ಔಷಧದ ಹೆಸರು ಹಾಗೂ ಒಟ್ಟು ಪ್ರಮಾಣ, ವಿಕಿರಣ ಕೊಟ್ಟ ಭಾಗ ಹಾಗೂ ಪ್ರಮಾಣ, ಶಸ್ತ್ರಚಿಕಿತ್ಸೆಯ ವಿವರ, ಮುಂದೆ ಯಾವ ವಯಸ್ಸಿನಲ್ಲಿ ಯಾವ ಪರೀಕ್ಷೆ ಎಂಬ ಸೂಚನೆ ಇವೆಲ್ಲ ಒಂದೆರಡು ಪುಟಗಳಲ್ಲಿ ಅಡಗುತ್ತವೆ. ಪತ್ರ ಇಂಗ್ಲಿಷಿನಲ್ಲಿರುತ್ತದೆ, ಅದು ವೈದ್ಯರಿಗೆ ಬೇಕು. ಅದರ ಕೆಳಗೆ ಮನೆಮಾತಿನಲ್ಲಿ ನಾಲ್ಕು ಸಾಲು ಬೇಕು. ಉಧ್ನಾದ ಕನ್ನಡ ಕುಟುಂಬದಲ್ಲಿ ಇದೊಂದು ಸ್ವಾರಸ್ಯದ ತೊಡಕು: ಅಲ್ಲಿಯೇ ಹುಟ್ಟಿ ಗುಜರಾತಿ ಶಾಲೆಯಲ್ಲಿ ಓದಿದ ಮಗನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಲಿಪಿ ಬಾರದು, ತಾಯಿಗೆ ಗುಜರಾತಿ ವ್ಯವಹಾರಕ್ಕೆ ಬರುತ್ತದೆ, ಓದಲು ಬಾರದು. ಮಗನ ಪ್ರತಿಗೆ ಗುಜರಾತಿ ಲಿಪಿ, ತಾಯಿಯ ಪ್ರತಿಗೆ ಕನ್ನಡ ಲಿಪಿ, ಹೀಗೆ ಎರಡು ಪ್ರತಿಗಳು ಬೇಕಾಗುತ್ತವೆ. ಮಗನಿಗೆ ಹದಿನೆಂಟು ತುಂಬಿದಾಗ ಅವನ ಪ್ರತಿಯನ್ನು ಅವನ ಕೈಗೇ ಕೊಡುವುದು, ಅದರಲ್ಲಿರುವುದನ್ನು ತಾಯಿಯೇ ಕೂತು ಕನ್ನಡದಲ್ಲಿ ಹೇಳುವುದು ಯೋಗ್ಯ. ರೋಗದ ಹೆಸರನ್ನು ಅವಳು ಆಸ್ಪತ್ರೆಯಲ್ಲಿ ಕೇಳಿಸಿಕೊಂಡ ದಿನದಿಂದ ಆರಂಭಿಸಬಹುದು. ಎದೆಯ ಮೇಲಿನ ಕಲೆ ಯಾವುದೆಂದು ಬೆರಳಿಟ್ಟು ತೋರಿಸಬಹುದು.